ಅಕ್ಕೋರ ಬಾರು

ನಾನು ಒಂದು ಸಾಗವಾನಿ ಹಲಗೆ. ಮೊದಲು ಹಳೆಯ ರೈಲುಡಬ್ಬಿಯೊಂದರ ನೆಲವಾಗಿದ್ದೆ. ಆ ಡಬ್ಬಿಯನ್ನು ಒಡೆದಾಗ ಹುಬ್ಬಳ್ಳಿಯ ಗಣಪತ್ಸಾ ನನ್ನನ್ನು ಕೊಂಡು ತಂದರು. ಬಡಿಗ ಮೌನೇಶಪ್ಪ ಮೂರು ದಿನ ಕೀಸುಳಿ ಆಡಿಸಿ, ನನಗೆ ನಾಲ್ಕು ಕಾಲು ಜೋಡಿಸಿ, ಅವರ ಬಾರಿಗೆ ಕೌಂಟರ್ ಮಾಡಿದ. ಊರೂರು ತಿರುಗಿದ ನಾನು ಹೀಗೆ ರೈಲ್ವೆ ವರ್ಕ್‌ಶಾಪಿನ ಹಿಂದಿನ ಓಣಿಯಲ್ಲಿ ನೆಲೆಯಾದೆ.

ಗಣಪತ್ಸಾ ಕೆಟ್ಟವರಲ್ಲ, ಆದರೆ ಯಾರು ಎಷ್ಟು ಕೇಳಿದರೂ ಸುರಿಯುತ್ತಿದ್ದರು. ಪಾಳಿ ಮುಗಿದ ಭೋಂಗಾ ವರ್ಕ್‌ಶಾಪಿನಲ್ಲಿ ಕೂಗಿತೆಂದರೆ ಗ್ರೀಸು ಮೆತ್ತಿದ ಮೊಳಕೈಗಳು ನನ್ನ ಮೇಲೆ ಸಾಲಾಗಿ ಊರುತ್ತಿದ್ದವು. ತಿನ್ನಲು ಹುರಿದ ಶೇಂಗಾ ಬಿಟ್ಟರೆ ಬೇರೇನೂ ಇಲ್ಲ. ಬೀಡಿಯ ಬೆಂಕಿಗೆ ನನ್ನ ಅಂಚೆಲ್ಲ ಕರಕಲಾಯಿತು. ಅವರ ಒಬ್ಬಳೇ ಮಗಳು ಯಮುನಾಬಾಯಿ ಮಾತ್ರ ಈ ಕಡೆ ಮುಖ ಹಾಕಲಿಲ್ಲ. ಅದೇ ಓಣಿಯ ಸರಕಾರಿ ಸಾಲೆಯಲ್ಲಿ ಮೂವತ್ತನಾಲ್ಕು ವರ್ಷ ಅಕ್ಕೋರಾಗಿ ಮಕ್ಕಳಿಗೆ ಕಲಿಸಿದರೂ, ಬಾರಿನ ಬಾಗಿಲು ತಪ್ಪಿಸಿ ಸುತ್ತು ಹಾಕಿಯೇ ಹೋಗುತ್ತಿದ್ದರಂತೆ.

ಗಣಪತ್ಸಾ ತೀರಿಕೊಂಡ ಮೇಲೆ ಬಾರು ಆಕೆಯ ಪಾಲಿಗೆ ಬಂತು. ಅದನ್ನು ಮಾರಿ ಕೈತೊಳೆದುಕೊಳ್ಳಬೇಕೆಂದೇ ಬೀಗದ ಕೈ ಹಿಡಿದು ಬಂದರು. ಹಳೆಯ ವೇಟರ್ ಕರೆಪ್ಪ ಕೆಲಸ ಹೋದೀತೆಂಬ ಭಯಕ್ಕೆ ಒರೆಸಿದ್ದನ್ನೇ ಒರೆಸುತ್ತಿದ್ದ. ಅಷ್ಟರಲ್ಲಿ ಆಕೆಯ ಹಳೆಯ ವಿದ್ಯಾರ್ಥಿ, ಫಿಟ್ಟರ್ ದಾನಪ್ಪ ಒಳಗೆ ಬಂದವನು ಆಕೆಯನ್ನು ಕಂಡು ಥಟ್ಟನೆ ಕೈಕಟ್ಟಿ ನಿಂತ.

“ನಮಸ್ಕಾರ್ರೀ ಅಕ್ಕೋರ.”

“ದಾನಪ್ಪ ಅಲ್ಲೇನು? ಊಟ ಮಾಡಿಯೇನೋ?”

“ಇಲ್ರೀ... ಆಮ್ಯಾಲೆ ಮನ್ಯಾಗ ಮಾಡ್ತೀನ್ರಿ.”

“ಖಾಲಿ ಹೊಟ್ಯಾಗ ಕುಡೀತಿ?”

ನಲವತ್ತರ ದಾನಪ್ಪ ಮೂರನೆಯ ಇಯತ್ತೆಯ ಹುಡುಗನಂತೆ ತಲೆ ತಗ್ಗಿಸಿದ. ಯಮುನಾಬಾಯಿ ಕರೆಪ್ಪನನ್ನು ಖಾನಾವಳಿಗೆ ಅಟ್ಟಿ ರೊಟ್ಟಿ, ಎಣಗಾಯಿ ತರಿಸಿದರು. ದಾನಪ್ಪ ಉಣ್ಣುವುದನ್ನೇ ನೋಡುತ್ತ ಕುಳಿತರು. ಮರುದಿನ ಬಾರು ಕೊಳ್ಳುವವರು ಬಂದಾಗ, “ಸದ್ಯಕ್ಕ ಕೊಡಂಗಿಲ್ರಿ,” ಎಂದುಬಿಟ್ಟರು.

ಅಂದಿನಿಂದ ಹೊಸ ನೇಮ. ಮೊದಲು ತಾಟು, ಆಮೇಲೆ ಗ್ಲಾಸು, ಅದೂ ಎರಡೇ. “ಇದೇನ್ ಬಾರೋ, ಸಾಲಿನೋ?” ಎಂದು ಗೊಣಗಿ ಅರ್ಧ ಗಿರಾಕಿಗಳು ಬೇರೆ ದಾರಿ ಹಿಡಿದರು. ನನಗೂ ಬೇಸರವಾಯಿತು, ಸುಳ್ಳೇಕೆ ಹೇಳಲಿ? ಗದ್ದಲಕ್ಕೆ ಹೊಂದಿಕೊಂಡ ಜೀವ ನನ್ನದು.

ಒಂದು ಸಂಜೆ ಪೇಂಟರ್ ಫಕ್ಕೀರೇಶ ಮೂರನೆಯ ಗ್ಲಾಸು ಕೇಳಿದ. ಅವನೂ ಆಕೆಯ ಕೈಯಲ್ಲೇ ಕಲಿತವನು. ಇಲ್ಲವೆಂದಾಗ ಖಾಲಿ ಗ್ಲಾಸನ್ನು ನನ್ನ ಮೇಲೆ ಕುಕ್ಕಿ ಒಡೆದ.

“ನಮ್ಮಪ್ಪ ಇಲ್ಲೇ ಕುಡದು ಕುಡದು ಸತ್ತ. ಆ ರೊಕ್ಕದಾಗ ನೀವು ಸಾಲಿ ಕಲ್ತು ಅಕ್ಕೋರಾದ್ರಿ. ಈಗ ನನಗ ಬುದ್ಧಿ ಹೇಳಾಕ ಬಂದೀರೇನು?”

ಯಮುನಾಬಾಯಿ ನನ್ನ ಮೇಲಿನ ಗಾಜಿನ ಚೂರುಗಳನ್ನು ಒಂದೆಡೆ ಸರಿಸಿದರು.

“ಖರೆ ಐತಿ,” ಎಂದರು. “ಅದಕ್ಕ ನಾಚಿಕೊಂಡು ಇಷ್ಟು ವರ್ಷ ಈ ಕಡೆ ಬರಲಿಲ್ಲ. ನಾ ಬರದಿದ್ರ ಏನಾತು? ನೀನೂ ಬಂದು ಕುಂತಿ. ಇನ್ನ ನಾನೂ ಇಲ್ಲೇ ಕುಂದರಾಕಿ. ಕೈ ತೋರ್ಸು, ಕೊಯ್ಕೊಂಡಿ ನೋಡು.”

ಅವನು ಕೈ ಕಿತ್ತುಕೊಂಡು ಹೊರಟೇಹೋದ. ವಾರ ಕಳೆದು ಬಂದವನು ಯಾರ ಮುಖವನ್ನೂ ನೋಡದೆ ತಾಟು ಎಳೆದುಕೊಂಡ. ಆಕೆ ರೊಟ್ಟಿ ಬಡಿಸಿದರು. ಹೋದವರು ಒಬ್ಬೊಬ್ಬರಾಗಿ ಮರಳಿದರು. ಬಾರಿನ ಹಿಂಬದಿಯಲ್ಲೇ ಅಡುಗೆಯ ಒಲೆಯೊಂದು ಹೊತ್ತಿತು. ಹೊರಗಿನ ಬೋರ್ಡಿನಲ್ಲಿ ಏನೇ ಬರೆದಿರಲಿ, ಓಣಿಯ ಬಾಯಲ್ಲಿ ಇದು ‘ಅಕ್ಕೋರ ಬಾರು’ ಆಯಿತು.

ಈಗ ನನಗೆ ವಯಸ್ಸಾಗಿದೆ. ನಡುವೆ ಸೀಳು ಬಿಟ್ಟಿದ್ದೇನೆ. ಕೌಂಟರಿಗೆ ಕಡಪಾ ಕಲ್ಲು ಬಂದಿದೆ. ನಾನು ಕಿಟಕಿಯ ಪಕ್ಕದಲ್ಲಿ ಊಟದ ಮೇಜಾಗಿದ್ದೇನೆ. ಬಿಸಿ ತಾಟುಗಳು ಈ ಹಳೆಯ ಮೈಗೆ ಹಿತ.

ಹೋದ ಭಾನುವಾರ ಮಧ್ಯಾಹ್ನ ಫಕ್ಕೀರೇಶ ತನ್ನ ತಾಯಿ ಸಾವಂತ್ರೆವ್ವನನ್ನು ಕೈಹಿಡಿದು ಕರೆತಂದ. ಗಂಡ ಕುಡಿದು ಸತ್ತ ಜಾಗವನ್ನು ಮೊದಲ ಸಲ ಕಂಡ ಮುದುಕಿ ಸೆರಗು ಬಿಗಿಹಿಡಿದು ಸೂರು, ಫ್ಯಾನು, ನಾಲ್ಕು ಮೇಜುಗಳನ್ನು ಒಂದೊಂದಾಗಿ ನೋಡಿದಳು.

“ಇಷ್ಟ ಏನೋ ಇದು?” ಎಂದಳು. “ನಾ ಭಾಳ ದೊಡ್ಡದು ಇರಬೇಕಂತ ತಿಳ್ಕೊಂಡಿದ್ನಲ್ಲೋ.”

ಯಮುನಾಬಾಯಿ ಎರಡು ತಾಟು ತಂದು, ಒಂದನ್ನು ಆಕೆಯ ಮುಂದಿಟ್ಟು, ತಾವೂ ಎದುರಿಗೆ ಕುಳಿತರು. ಸಾವಂತ್ರೆವ್ವ ಒಂದು ತುತ್ತು ಬಾಯಿಗಿಟ್ಟು, ನಿಧಾನ ಅಗಿದು, “ಉಪ್ಪು ಒಂದೀಟು ಕಮ್ಮಿ ಆಗೇತ್ರಿ,” ಎಂದಳು.

ಯಮುನಾಬಾಯಿ ನಕ್ಕು ಉಪ್ಪಿನ ಡಬ್ಬಿಯನ್ನು ನನ್ನ ಮೇಲೆ ಸರಿಸಿದರು. ಎಷ್ಟೋ ಗ್ಲಾಸುಗಳನ್ನು ಹೊತ್ತ ಮೈ ಇದು. ಈ ಇಬ್ಬರ ತಾಟು ಹೊರುವವರೆಗೆ ಬಾಳಿದೆನಲ್ಲ, ನನಗೆ ಅಷ್ಟು ಸಾಕು.