ಮಹಡಿ ಕೋಣೆಯ ಹದಿನಾಲ್ಕು ದಿನ

ಇಪ್ಪತ್ತು ವರ್ಷ ಕತ್ತರಿ ಹಿಡಿದ ಕ್ಷೌರಿಕನ ಕೈ ಆ ವರ್ಷ ನಡುಗತೊಡಗಿತು. ಇಬ್ಬರ ಊಟ ಒಬ್ಬನೇ ಉಂಡರೂ ಮೈ ಕಡ್ಡಿಯಾಯಿತು. ಕೂತಲ್ಲೇ ಎದೆ ಡವಡವ ಎನ್ನುತ್ತಿತ್ತು. "ಇರೋದು ಎರಡೇ ಕಿವಿ, ನೋಡ್ಕೊಂಡು ಮಾಡಪ್ಪ" ಎಂದು ನಕ್ಕ ಹಳೆಯ ಗಿರಾಕಿ ಮುಂದಿನ ತಿಂಗಳು ಬೇರೆ ಅಂಗಡಿಗೆ ಹೋದ.

ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಹದ್ದು ಮೀರಿ ಕೆಲಸ ಮಾಡುತ್ತಿದೆ ಎಂದರು ಡಾಕ್ಟರು. ಮಾತ್ರೆ ಅವನಿಗೆ ಒಗ್ಗಲಿಲ್ಲ. ಕೊನೆಗೆ ಗ್ರಂಥಿಯನ್ನು ಸುಡಲು ವಿಕಿರಣ ಸೂಸುವ ಅಯೋಡಿನ್ ಕೊಡುವುದೆಂದಾಯಿತು. ನರ್ಸಮ್ಮ ಸೀಸದ ಡಬ್ಬಿಯಿಂದ ತೆಗೆದುಕೊಟ್ಟ ಒಂದೇ ಒಂದು ಗುಳಿಗೆಯನ್ನು ನೀರಿನ ಜೊತೆ ನುಂಗಿದ; ರುಚಿಯೂ ಇಲ್ಲ, ನೋವೂ ಇಲ್ಲ. ಮೈಯಿಂದಲೂ ಆ ವಿಕಿರಣ ಹೊಮ್ಮುತ್ತದೆ, ಎರಡು ವಾರ ಮಕ್ಕಳು, ಬಸುರಿಯರ ಹತ್ತಿರ ಸುಳಿಯಬಾರದು ಎಂದು ಚೀಟಿ ಕೊಟ್ಟರು. ಮನೆಯಲ್ಲಿ ಇದ್ದವರು ಅವರಿಬ್ಬರೇ: ಮೂರು ವರ್ಷದ ಮಗಳು, ಏಳು ತಿಂಗಳ ಬಸುರಿ ಹೆಂಡತಿ.

ಅವನು ಮಹಡಿಯ ಕೋಣೆ ಸೇರಿದ. ಹೆಂಡತಿ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಇಳಿದು ಹೋಗುತ್ತಿದ್ದಳು. ಐದನೆಯ ದಿನ ಮಧ್ಯಾಹ್ನ ಮಗಳು ಅಮ್ಮನ ಕಣ್ಣು ತಪ್ಪಿಸಿ ಹತ್ತಿ ಬಂದು ಬಾಗಿಲು ಬಡಿದಳು.

"ಅಪ್ಪಾ, ಬಾಗ್ಲು ತೆಗಿ."

ಅವನು ಒಳಗಿನಿಂದ ಚಿಲಕ ಹಿಡಿದು ನಿಂತ. ಕೆಳಗೆ ಹೋಗು ಪುಟ್ಟಿ ಎಂದು ಬೇಡಿದ, ಕೊನೆಗೆ ಗದರಿದ. ಅವಳು ಅಳುತ್ತಲೇ ತಿರುಗಿದಳು. ಆಮೇಲೆ ದಡದಡ ಸದ್ದು.

ಬಾಗಿಲು ತೆಗೆದಾಗ ಮಗು ಮೆಟ್ಟಿಲ ಬುಡದಲ್ಲಿ ಬಿದ್ದಿತ್ತು, ಹಣೆಯಲ್ಲಿ ರಕ್ತ. ಅವನು ನಾಲ್ಕು ಮೆಟ್ಟಿಲು ಇಳಿದ. ಹೆಂಡತಿ ಹೊಟ್ಟೆ ಹಿಡಿದುಕೊಂಡು ಓಡಿ ಬಂದು ಕೈ ಅಡ್ಡ ಚಾಚಿದಳು.

"ಮುಟ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಅಲ್ಲೇ ಇರಿ."

ಅವಳು ಬಗ್ಗಲಾರದೆ ಬಗ್ಗಿ ಮಗುವನ್ನು ಎತ್ತಿಕೊಂಡಳು. ಅದು ಅವನತ್ತಲೇ ಕೈ ಚಾಚಿ ಅಳುತ್ತಿತ್ತು. ಮೆಟ್ಟಿಲ ಕಂಬಿ ಹಿಡಿದು ಅವನು ಅಲ್ಲೇ ನಿಂತ. ಪಕ್ಕದ ಮನೆಯ ಡ್ರೈವರ್ ಬಂದು ತಾಯಿ ಮಗಳಿಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದ. ಮೂರು ಹೊಲಿಗೆ ಬಿದ್ದವು.

ನಾಲ್ಕು ತಿಂಗಳಿಗೆ ಕೈನಡುಕ ನಿಂತಿತು. ಗ್ರಂಥಿಯೂ ಬಹುಪಾಲು ಸತ್ತಿತ್ತು. ಅದರ ಬದಲಿಗೆ ಇನ್ನು ಬದುಕಿರುವಷ್ಟು ಕಾಲ ದಿನಾ ಬೆಳಿಗ್ಗೆ ಬೇರೊಂದು ಮಾತ್ರೆ. ಅಷ್ಟರಲ್ಲಿ ಗಂಡು ಮಗು ಹುಟ್ಟಿತ್ತು; ಬಾಣಂತಿ, ಕೂಸು ಇಬ್ಬರೂ ಚೆನ್ನಾಗಿದ್ದರು. ತಪಾಸಣೆಗೆ ಹೋದಾಗ ಅವನು ನರ್ಸಮ್ಮನಿಗೆ ಆ ಮಧ್ಯಾಹ್ನದ ಸಂಗತಿ ಹೇಳಿದ.

"ಎರಡು ನಿಮಿಷ ಎತ್ಕೊಂಡಿದ್ರೆ ಏನೂ ಆಗ್ತಿರಲಿಲ್ಲವಲ್ಲಪ್ಪ" ಎಂದಳು ಅವಳು. "ಗಂಟೆಗಟ್ಟಲೆ ಪಕ್ಕದಲ್ಲಿ ಮಲಗಿಸ್ಕೋಬೇಡಿ ಅಂತ ಹೇಳಿದ್ದು."

ಚೀಟಿಯಲ್ಲಿ ಹಾಗೆ ಬರೆದಿರಲಿಲ್ಲ ಎನ್ನಬೇಕೆಂದುಕೊಂಡ. ಮಾತ್ರೆಯ ಚೀಟಿ ಮಡಚಿ ಜೇಬಿಗಿಟ್ಟು ಎದ್ದ. ಮನೆಗೆ ಬಂದಾಗ ಆಸ್ಪತ್ರೆಯಲ್ಲಿ ಏನಂದರೆಂದು ಹೆಂಡತಿ ಕೇಳಿದಳು. ಎಲ್ಲ ಸರಿಯಾಗಿದೆಯಂತೆ ಎಂದ.