ಮೂರನೆಯ ಸಿಲಿಂಡರು

ಮೂರನೆಯ ಪ್ಲಗ್ಗಿನ ವೈರು ಕಿತ್ತಾಗಲೂ ಕಾರಿನ ಇಂಜಿನ್ ಮೊದಲಿನಂತೆಯೇ ಕುಂಟುತ್ತಿತ್ತು. ಬೇರೆ ಯಾವುದನ್ನು ಕಿತ್ತರೂ ಇನ್ನಷ್ಟು ಸೊರಗುತ್ತಿತ್ತು. ದೊಬ್ರಿಂಕಾ ವೈರನ್ನು ಒತ್ತಿ ಕೂರಿಸಿದಳು.

"ಮೂರನೇದೇ ಕೆಲ್ಸ ಮಾಡ್ತಿಲ್ಲ."

"ಅದಕ್ಕೆ ಪ್ಲಗ್ಗೂ ಹೊಸದು, ವೈರೂ ಹೊಸದು, ಕಾಯಿಲೂ ಹೊಸದು. ಇನ್ನು ಪಾದ್ರೀನ ಕರೆಸ್ಲಾ ಅಕ್ಕಾ?" ಎಂದ ತಮ್ಮ ಕಾಮೆನ್.

ಬೇಲಿಯ ಪಕ್ಕ ಗುಡ್ಡಕ್ಕೆ ಸಾಗಿಸಬೇಕಾದ ಜೇನುಪೆಟ್ಟಿಗೆಗಳು ಕಾಯುತ್ತಿದ್ದವು. ದಾನ್ಯೂಬ್ ದಂಡೆಯ ಗುಡ್ಡದಲ್ಲಿ ಅಕೇಶಿಯಾ ಮರಗಳು ಹೂಬಿಟ್ಟಿದ್ದವು. ಆ ಹೂವು ನಿಲ್ಲುವುದು ವಾರವೋ ಹತ್ತು ದಿನವೋ. ಊರಿನ ಉಳಿದ ಜೇನುಗಾರರು ಆಗಲೇ ಅಲ್ಲಿದ್ದರು. ಇವರ ಕಾರು ಖಾಲಿ ಟ್ರೈಲರ್ ಎಳೆಯುವಾಗಲೇ ಮೊದಲ ಏರಿನಲ್ಲಿ ನಿಂತುಬಿಟ್ಟಿತ್ತು. ಅಕೇಶಿಯಾ ತಪ್ಪಿದರೆ ಈ ವರ್ಷ ಮಾರಲು ಜೇನಿಲ್ಲ.

"ಸಿಲಿಂಡರ್ ಒತ್ತಡ ಯಾವಾಗ ನೋಡ್ದೆ?" ಎಂದಳು ದೊಬ್ರಿಂಕಾ.

"ಬೆಳಿಗ್ಗೆ. ನಾಲ್ಕೂ ಸರಿಯಿತ್ತು. ಬಿಸಿಯಾದ್ಮೇಲೇ ಇದರ ನಾಟಕ."

"ಹಂಗಾದ್ರೆ ಬಿಸಿಯಾದ್ಮೇಲೇ ನೋಡ್ಬೇಕಿತ್ತು."

ಅವಳು ಪ್ಲಗ್ಗುಗಳನ್ನು ಬಿಚ್ಚಿ, ಮೂರನೆಯದರ ಜಾಗಕ್ಕೆ ಒತ್ತಡ ಅಳೆಯುವ ಗೇಜು ತಿರುಗಿಸಿದಳು. ಕಾಮೆನ್ ಕೀಲಿ ತಿರುಗಿಸಿದ. ಮುಳ್ಳು ಅರ್ಧಕ್ಕೇ ನಿಂತಿತು. ನಾಲ್ಕನೆಯದರಲ್ಲಿ ಪೂರ್ತಿ ಏರಿತು.

"ವಾಲ್ವಿನ ಟ್ಯಾಪೆಟ್ ಯಾವಾಗ ಮುಟ್ಟಿದ್ದು ನೀನು?"

"ಈಸ್ಟರ್‌ಗೆ ಮುಂಚೆ. ಟಿಕಟಿಕ ಅಂತಿತ್ತು, ಸಂದು ಬಿಗಿದು ಸದ್ದೇ ಇಲ್ದಂಗೆ ಮಾಡ್ದೆ. ನೀನೂ ಹೊಗಳ್ದೆ!"

"ಕಾರು ಗ್ಯಾಸಲ್ಲಿ ಓಡುತ್ತೆ ಕಣೋ. ಗ್ಯಾಸಿಗೆ ವಾಲ್ವು ಕೂರೋ ಜಾಗ ಸವೆದು ಸಂದು ತಾನಾಗೇ ಕಿರಿದಾಗುತ್ತೆ. ನೀನು ಉಳಿದಿದ್ದನ್ನೂ ಮುಚ್ಚಿದೀಯ. ಬಿಸಿಗೆ ವಾಲ್ವು ಉದ್ದ ಆದಾಗ ಪೂರ್ತಿ ಮುಚ್ಕೊಳ್ಳೋಕೆ ಆಗ್ತಿಲ್ಲ."

ಕಾಮೆನ್‌ನ ಮುಖ ಇಳಿಯಿತು. "ವಾಲ್ವು ಸುಟ್ಟುಹೋಗಿದ್ರೆ?"

"ಸುಟ್ಟಿದ್ರೆ ಬೆಳಿಗ್ಗೇನೂ ಒತ್ತಡ ಬರ್ತಿರ್ಲಿಲ್ಲ."

ಅವನು ಸ್ಪ್ಯಾನರ್ ಎತ್ತಿಕೊಂಡ.

"ಕೆಳಗಿಡು. ಇಂಜಿನ್ ತಣ್ಣಗಾದ್ಮೇಲೇ ಅಳತೆ."

"ಸೂರ್ಯ ಮುಳುಗ್ತಾನೆ ಅಕ್ಕಾ."

"ಮುಳುಗ್ಲಿ. ನಿನ್ನ ಜೇನ್ನೊಣಗಳೇ ಇನ್ನೂ ಮನೆಗೆ ಬಂದಿಲ್ಲ, ಅವು ಬರದೆ ಪೆಟ್ಟಿಗೆ ಮುಚ್ಚೋಕಾಗಲ್ಲ."

ಮೆಟ್ಟಿಲ ಮೇಲೆ ಕೂತು ಬ್ರೆಡ್ಡು, ಬಿಳಿ ಚೀಸು, ಎಳೆ ಈರುಳ್ಳಿ ತಿಂದರು. ಕಾಮೆನ್ ಮತ್ತೆ ಮತ್ತೆ ಎದ್ದು ಹೋಗಿ ಇಂಜಿನ್ ಮುಟ್ಟಿ ಬಂದ. ದೊಬ್ರಿಂಕಾ ತಲೆಯೆತ್ತಲಿಲ್ಲ.

ಬಿಸಿಲು ಗೋಡೆಯ ತುದಿಗೇರಿದಾಗ ಅವಳು ತಣ್ಣಗಾದ ಇಂಜಿನ್ನಿನ ಮೇಲ್ಮುಚ್ಚಳ ತೆಗೆದಳು. ಮೂರನೆಯದರ ಹೊಗೆ ಹೊರಹೋಗುವ ವಾಲ್ವಿನ ಸಂದಿಗೆ ಅಳತೆಯ ತೆಳು ತಗಡು ನುಗ್ಗಲೇ ಇಲ್ಲ. ತಿರುಪು ಸಡಿಲಿಸಿದಳು, ತಗಡು ತುಸು ತಡೆದು ಜಾರುವ ತನಕ. ಉಳಿದವನ್ನೂ ಸರಿಮಾಡಿ ಎಲ್ಲವನ್ನೂ ಬಿಗಿದಳು. ಅಷ್ಟರಲ್ಲಿ ಕಾಮೆನ್ ಪೆಟ್ಟಿಗೆಗಳ ಬಾಗಿಲು ಮುಚ್ಚಿದ್ದ. ಇಬ್ಬರೂ ಸೇರಿ ಟ್ರೈಲರ್‌ಗೆ ಏರಿಸಿದರು.

"ಮೊದ್ಲು ಊರು ಸುತ್ತಿ ಬಿಸಿ ಮಾಡ್ತೀನಿ. ಆಮೇಲೇ ಏರು ಹತ್ತೋದು," ಎಂದಳು.

ಮೊದಲು ಕಾರು ನಿಂತುಹೋಗಿದ್ದ ಏರಿನ ತಿರುವು ಬಂದಾಗ ಕಾಮೆನ್ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದ. ಕಾರು ನಿಲ್ಲಲಿಲ್ಲ, ತಿರುವು ಹಿಂದೆ ಸರಿಯಿತು. ಅವನು ಹಿಡಿ ಬಿಡಲಿಲ್ಲ, ಗುಡ್ಡದ ತುದಿಯವರೆಗೂ.

ಮರಗಳ ಕೆಳಗೆ ಪೆಟ್ಟಿಗೆಗಳನ್ನಿಳಿಸಿ, ನೊಣಗಳ ಗಲಾಟೆ ಅಡಗಿದ ಮೇಲೆ, ದೊಬ್ರಿಂಕಾ ಟಾರ್ಚ್ ಬೆಳಕಿನಲ್ಲಿ ಮೊದಲ ಪೆಟ್ಟಿಗೆಯ ಬಾಗಿಲು ತೆರೆದಳು. ಒಂದು ನೊಣ ಹೊರಗೆ ಬಂತು. ಹೊಸ್ತಿಲ ಹಲಗೆಯ ಮೇಲೆ ಮರದಿಂದ ಅಕೇಶಿಯಾದ ಬಿಳಿ ಎಸಳೊಂದು ಬಿದ್ದಿತ್ತು. ನೊಣ ಅದನ್ನು ತಳ್ಳುತ್ತ, ನಿಲ್ಲುತ್ತ, ಹಲಗೆಯ ಅಂಚಿಗೆ ಒಯ್ಯತೊಡಗಿತು.