ಬುಡುಕ್‌ನ ಇನ್ನರ್ಧ

ಪ್ಲಂಬರ್‌ನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳ ಬಾಯಿಂದ ಹೊರಟ ಒಂದು ಶಬ್ದ ಮಾತ್ರ ಇನ್ನೂ ಊರೆಲ್ಲ ತಿರುಗುತ್ತಿತ್ತು.

ಇಪ್ಪತ್ತು ವರ್ಷ ಇಬ್ಬರೂ ಜೊತೆಗೇ ದುಡಿದವರು. ಅವನು ಕೆಳಗೆ ವಾಲ್ವ್ ತಿರುಗಿಸುವುದು, ಅವಳು ಮೇಲಿನ ಮನೆಯ ನಲ್ಲಿಯ ಮುಂದೆ ಕಾಯುವುದು. ನೀರು ಬರುವ ಮುಂಚೆ ಪೈಪಿನ ಗಾಳಿಯೆಲ್ಲ ಹೊರಟು ನಲ್ಲಿ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತದಲ್ಲ, ಅದನ್ನೇ ಅಣಕಿಸಿ ಅವಳು "ಬುಡುಕ್!" ಎಂದು ಕೂಗುತ್ತಿದ್ದಳು. "ಆಯ್ತು, ಇಳಿದು ಬಾರೇ" ಎಂದು ಅವನು ಕೆಳಗಿನಿಂದ ಕೂಗುತ್ತಿದ್ದ.

ಯಾವುದೋ ಮನೆಯವರು ಅದನ್ನು ವಿಡಿಯೋ ಮಾಡಿ ಹಾಕಿದರು. ನಾಲ್ಕೇ ಸೆಕೆಂಡು: ಒಂದು ನಲ್ಲಿ, ಒಂದು ಕೈ, ಆ ಕೂಗು. ಅವನ ಉತ್ತರ ಬರುವಷ್ಟರಲ್ಲಿ ವಿಡಿಯೋ ಮುಗಿದಿತ್ತು. ಆಮೇಲೆ ಕೇಳಬೇಕೇ? ಪರೀಕ್ಷೆಯ ತಡವಾದ ಫಲಿತಾಂಶ ಬಂದರೆ ಬುಡುಕ್, ಮುನಿಸಿಕೊಂಡ ಗೆಳತಿ ಮೆಸೇಜು ಹಾಕಿದರೆ ಬುಡುಕ್. ಇಂಥ ಪದಗಳನ್ನು ಕೂಡಿಹಾಕುವ ವೆಬ್‌ಸೈಟೊಂದು ಅರ್ಥವನ್ನೂ ಬರೆಯಿತು: "ಕಾದು ಕಾದು ಸಾಕಾದ ಮೇಲೆ ಬರುವ ಒಳ್ಳೆಯ ಸುದ್ದಿ. ಮೂಲ: ಗೊತ್ತಿಲ್ಲ."

ಗೊತ್ತಿಲ್ಲವಂತೆ! ಅವನಿಗೆ ಮೈಯೆಲ್ಲ ಉರಿದುಹೋಯಿತು. ಒಂದೇ ಬೆರಳಿನಲ್ಲಿ ಕುಟ್ಟಿ ಕಳಿಸಿದ: "ಅದು ನನ್ನ ಹೆಂಡ್ತಿ ಮಾತು. ನೀವು ಬರೆದಿರೋದು ಅರ್ಧ. ಇನ್ನರ್ಧ ನಂದು."

ಉತ್ತರ ಬಂತು: "ಹೀಗೆ ಹೇಳೋರು ತುಂಬಾ ಜನ ಇದ್ದಾರೆ ಸರ್. ಆಧಾರ ಇದ್ರೆ ಕಳಿಸಿ."

ಎಲ್ಲಿಂದ ತರುವುದು ಆಧಾರ? ಅವಳ ಚಪ್ಪಲಿ ಇದೆ, ಕಳಿಸಲೇ? ಫೋನು ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋದ.

ಈಗ ಅವನದು ಒಂಟಿ ಕೆಲಸ. ವಾಲ್ವ್ ತೆಗೆಯಬೇಕು, ಮೂರು ಮಹಡಿ ಹತ್ತಿ ನೋಡಬೇಕು, ಮತ್ತೆ ಇಳಿಯಬೇಕು. ಮಂಡಿ ಹಿಡಿದುಹೋಗಿದ್ದರೂ ಯಾರನ್ನೂ ಜೊತೆಗೆ ಕರೆದುಕೊಂಡಿರಲಿಲ್ಲ. ಮೇಲಿನಿಂದ ಬೇರೆ ದನಿ ಕೇಳುವುದು ಅವನಿಗೆ ಬೇಡವಾಗಿತ್ತು.

ಅಂದು ಕೆಲಸವಿದ್ದದ್ದು ಒಬ್ಬ ಟೀಚರಮ್ಮನ ಮನೆಯಲ್ಲಿ. ಅವನು ಕುಂಟುವುದನ್ನು ನೋಡಿ ಅವಳೇ ಅಂದಳು, "ನೀವು ಕೆಳಗೇ ಇರಿ ಅಂಕಲ್. ನೀರು ಬಂದ್ರೆ ಕೂಗ್ತೀನಿ."

ಬೇಡವೆನ್ನುವಷ್ಟರಲ್ಲಿ ಹತ್ತಿಹೋಗಿದ್ದಳು. ಅವನು ವಾಲ್ವ್ ತಿರುಗಿಸಿದ. ಪೈಪು ಗೊರಗೊರ ಅಂದಿತು.

"ಬುಡುಕ್!" ಮೇಲಿನಿಂದ ನಗುತ್ತ ಕೂಗಿದಳು, ವಿಡಿಯೋದಲ್ಲಿದ್ದ ಹಾಗೆಯೇ.

"ಆಯ್ತು, ಇಳಿದು ಬಾರೇ."

ಅವನು ತಡೆದುಕೊಳ್ಳುವ ಮೊದಲೇ ಬಾಯಿ ಅಂದುಬಿಟ್ಟಿತ್ತು.

"ಏನಂದ್ರಿ ಅಂಕಲ್? ನಾನು ಬರ್ಬೇಕಾ?"

ಬೇಡಮ್ಮ, ತಪ್ಪಾಯ್ತು ಅನ್ನಬೇಕಿತ್ತು. ಅನ್ನಲಿಲ್ಲ. ಹೆಜ್ಜೆಗಳು ಮೆಟ್ಟಿಲಿಳಿಯತೊಡಗಿದವು. ಬರುತ್ತಿರುವವಳು ಟೀಚರಮ್ಮ ಎಂದು ಚೆನ್ನಾಗಿ ಗೊತ್ತಿದ್ದೂ, ಅವಳು ಕೊನೆಯ ತಿರುವು ದಾಟಿ ಮುಖ ಕಾಣುವ ತನಕ ಅವನು ಕಾದ.